ಜಾತ್ರೆಯ ರಜೆ, ಗುಳೆಯ ರಜೆ

2025ರಲ್ಲಿ ಬನದ ಹುಣ್ಣಿಮೆ, ಅಂದರೆ ನಮ್ಮ ಬನಶಂಕರಿ ಜಾತ್ರೆಯ ತೇರಿನ ದಿನ, ಜನವರಿ 13ಕ್ಕೆ ಬಂತು, ಸೋಮವಾರ. ಕ್ಯಾಲೆಂಡರ್ ನೋಡಿದ ಕೂಡಲೇ ನನ್ನ ಹೆಂಡತಿ ಅಂದಳು, "ಈ ಸಲನೂ ಹೋಗಾಕ ಆಗೂದಿಲ್ಲ ಬಿಡ್ರಿ." ನಾವು ಬಾದಾಮಿ ತಾಲ್ಲೂಕಿನವರು. ಇಂಗ್ಲೆಂಡಿಗೆ ಬಂದು 11 ವರ್ಷವಾಯಿತು. ಮಗಳಿಗೆ ಹತ್ತು, ಮಗನಿಗೆ ಏಳು. ಇಬ್ಬರೂ ಬನಶಂಕರಿ ತೇರು ನೋಡಿರಲಿಲ್ಲ. ತೇರು ಬಿಡಿ, ರಾತ್ರಿ ನಾಟಕ ಕಂಪನಿಗಳ ಮೈಕು ಒಂದರ ಮೇಲೊಂದು ಕೂಗುತ್ತವಲ್ಲ, ಅದನ್ನೂ ಕೇಳಿರಲಿಲ್ಲ. ಇಲ್ಲಿ ಕ್ರಿಸ್‌ಮಸ್ ರಜೆ ಮುಗಿದು ಶಾಲೆ ಶುರುವಾದ ಮೇಲೆಯೇ ಹೆಚ್ಚಿನ ವರ್ಷ ನಮ್ಮ ಜಾತ್ರೆ ಬರುತ್ತದೆ.

ಅದಕ್ಕೇನು, ಒಂದು ವಾರ ಶಾಲೆ ಬಿಡಿಸಿದರಾಯಿತು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಇಲ್ಲಿ ಅಪ್ಪಣೆ ಇಲ್ಲದೆ ಶಾಲೆ ಬಿಡಿಸುವುದು ಅಪರಾಧ. ನಾನು ಉಪ್ಪು ಖಾರ ಹಚ್ಚಿ ಹೇಳುತ್ತಿಲ್ಲ. 1996ರ ಶಿಕ್ಷಣ ಕಾಯ್ದೆಯ 444ನೇ ಸೆಕ್ಷನ್ ಪ್ರಕಾರ, ಹೆಸರು ಹಚ್ಚಿದ ಮಗು ಸರಿಯಾಗಿ ಶಾಲೆಗೆ ಹೋಗದಿದ್ದರೆ ಅಪ್ಪ ಅಮ್ಮನೇ ಆರೋಪಿಗಳು. ಹಾಜರಿ ದಿನಕ್ಕೆ ಎರಡು ಸಲ ಹಾಕುತ್ತಾರೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಹತ್ತು ಶಾಲಾ ವಾರಗಳ ಒಳಗೆ ಅಪ್ಪಣೆ ಇಲ್ಲದ 10 ಅರ್ಧ ದಿನ ಆಯಿತೋ, ದಂಡ ಹಾಕಬೇಕಾ ಅಂತ ಯೋಚನೆ ಶುರುವಾಗುತ್ತದೆ. 2024ರ ಆಗಸ್ಟ್‌ನಿಂದ ದಂಡ 80 ಪೌಂಡ್. 21 ದಿನದೊಳಗೆ ಕಟ್ಟದಿದ್ದರೆ 160. ಅದೂ ಮನೆಗೆ ಒಂದು ಅಲ್ಲ. ಒಂದೊಂದು ಮಗುವಿಗೆ ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. ನಮ್ಮ ಮನೆಯ ಲೆಕ್ಕ 320 ಪೌಂಡ್, ಅಂದರೆ 30,000 ರೂಪಾಯಿ ದಾಟುತ್ತದೆ. ಮೂರು ವರ್ಷದೊಳಗೆ ಮೂರನೇ ಸಲ ಆದರೆ ದಂಡದ ಚೀಟಿ ಬರುವುದಿಲ್ಲ, ಕೋರ್ಟಿನ ಕರೆ ಬರಬಹುದು.

ಇದನ್ನು ಒಬ್ಬ ತಂದೆ ಇಲ್ಲಿಯ ಸುಪ್ರೀಂ ಕೋರ್ಟ್ ತನಕ ಒಯ್ದ. ವೈಟ್ ದ್ವೀಪದವನು. 2015ರಲ್ಲಿ ಮಗಳನ್ನು ಏಳು ದಿನ ಶಾಲೆ ಬಿಡಿಸಿ ಅಮೆರಿಕದ ಡಿಸ್ನಿ ವರ್ಲ್ಡ್‌ಗೆ ಕರೆದುಕೊಂಡು ಹೋಗಿದ್ದ. ದಂಡ ಹಾಕಿದರು, ಕಟ್ಟಲಿಲ್ಲ. ನನ್ನ ಮಗಳ ಹಾಜರಿ 90 ಪ್ರತಿಶತದ ಮೇಲಿದೆ, ಅದು ಸರಿಯಾದ ಹಾಜರಿ ಅಲ್ವಾ ಅಂತ ಅವನ ವಾದ. ಕೆಳಗಿನ ಕೋರ್ಟುಗಳು ಹೌದು ಅಂದವು. ಸುಪ್ರೀಂ ಕೋರ್ಟ್ 2017ರಲ್ಲಿ ಅಲ್ಲ ಅಂತು. ಸರಿಯಾದ ಹಾಜರಿ ಅಂದರೆ ಶಾಲೆಯ ನಿಯಮದ ಪ್ರಕಾರ ಹಾಜರಿ, ನಿಮ್ಮ ಲೆಕ್ಕದ ಪ್ರಕಾರ ಅಲ್ಲ ಅಂತ. ಆ ಡಿಸ್ನಿ ಅಪ್ಪನ ಬಗ್ಗೆ ನನಗೆ ಅಷ್ಟೇನೂ ಕನಿಕರ ಇರಲಿಲ್ಲ. ನನ್ನ ಪಾಳಿ ಬಂದಾಗ ಮಾತ್ರ ಅವನು ಅಣ್ಣತಮ್ಮನಂತೆ ಕಂಡ.

ಇನ್ನೊಂದು ತಮಾಷೆ ಇದೆ. ಇದೇ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮಗುವಿಗೆ ಶಿಕ್ಷಣ ಕೊಡಿಸುವುದು ತಂದೆತಾಯಿಯ ಕರ್ತವ್ಯ, ಆದರೆ ಅದು ಶಾಲೆಯಲ್ಲೇ ಆಗಬೇಕೆಂದಿಲ್ಲ. ಮನೆಯಲ್ಲೇ ಕಲಿಸುತ್ತೇವೆ ಅಂತ ಒಂದು ಪತ್ರ ಬರೆದುಕೊಟ್ಟು ಸಾಮಾನ್ಯ ಶಾಲೆಯಿಂದ ಹೆಸರೇ ತೆಗೆಸಬಹುದು. ಪೂರ್ತಿ ಬಿಡಿಸಬಹುದು, ಐದು ದಿನ ಬಿಡಿಸುವ ಹಾಗಿಲ್ಲ.

ಅಂತೂ ಕಾಯ್ದೆಯನ್ನು ಕೂತು ಓದಿದೆ. ಅದರಲ್ಲೇ ಒಂದು ಕಿಂಡಿ ಸಿಕ್ಕಿತು. ತಂದೆತಾಯಿಯ ಧರ್ಮದವರು ಆಚರಣೆಗೆಂದೇ ಮೀಸಲಿಟ್ಟ ದಿನ ಮಗು ಬರದಿದ್ದರೆ ಅದು ತಪ್ಪಲ್ಲ. ಜಾತ್ರೆಯ ಆಮಂತ್ರಣ ಪತ್ರಿಕೆಯ ಫೋಟೋ ಊರಿಂದ ವಾಟ್ಸ್ಯಾಪ್‌ನಲ್ಲಿ ತರಿಸಿದೆ. ಪ್ರಿಂಟ್ ತೆಗೆದು ಶಾಲೆಯ ಆಫೀಸಿಗೆ ಹೋದೆ. ಅಲ್ಲಿನ ಹೆಂಗಸು ಒಳ್ಳೆಯವಳು. ಅರಿಶಿನ ಬಣ್ಣದ ಹಾಳೆ, ಮೇಲೆ ಸಿಂಹದ ಮೇಲೆ ಕೂತ ತಾಯಿಯ ಚಿತ್ರ, ಕೆಳಗೆ ಪೂರಾ ಕನ್ನಡ. ತಿರುಗಿಸಿ ಮುರುಗಿಸಿ ನೋಡಿ, "ಇದರಲ್ಲಿ ತಾರೀಖು ಎಲ್ಲಿದೆ?" ಅಂತ ಕೇಳಿದಳು. 13 ಅನ್ನುವುದನ್ನು ಬೆರಳಿಟ್ಟು ತೋರಿಸಿದೆ. ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ ಅಂತಲೂ ಬಾಯಿ ಬಿಟ್ಟೆ. ಅದು ನನ್ನ ತಪ್ಪು, ಅವಳ ಹುಬ್ಬು ಮೇಲೆ ಹೋಯಿತು. ಎರಡು ದಿನ ಬಿಟ್ಟು ಹೆಡ್‌ಟೀಚರ್ ಉತ್ತರ ಬಂತು. 13ನೇ ತಾರೀಖು ಧಾರ್ಮಿಕ ರಜೆ, ಹಾಜರಿಯಲ್ಲಿ 'ಆರ್' ಅಂತ ಬರೆಯುತ್ತೇವೆ. ಉಳಿದ ದಿನಕ್ಕೆ ಅಪ್ಪಣೆ ಇಲ್ಲ, ಅದು 'ಜಿ'.

ಆರ್ ಲೆಕ್ಕಕ್ಕಿಲ್ಲ. ಮಂಗಳವಾರದಿಂದ ಶುಕ್ರವಾರ ತನಕ ನಾಲ್ಕು ದಿನ, ಅಂದರೆ 8 ಅರ್ಧ ದಿನ. ಹತ್ತಕ್ಕೆ ಎರಡು ಕಡಿಮೆ! ಶುಕ್ರವಾರ ಶಾಲೆ ಬಿಟ್ಟ ಕೂಡಲೇ ವಿಮಾನ ನಿಲ್ದಾಣ, ಶನಿವಾರ ಬೆಂಗಳೂರು, ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್, ಭಾನುವಾರ ಬೆಳಿಗ್ಗೆ ಬಾದಾಮಿ ಸ್ಟೇಷನ್. ಪೌಂಡಿನ ದಂಡ ಲೆಕ್ಕ ಹಾಕಿ ತೇರು ಎಳೆಯಲು ಬಂದ ಭಕ್ತ ಬಹುಶಃ ನಾನೊಬ್ಬನೇ ಇರಬೇಕು.

ತೇರಿನ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ, ಬಿಡುತ್ತೇನೆ. ಬರೆಯಬೇಕು ಅನಿಸಿದ್ದು ಬುಧವಾರದ ವಿಷಯ. ಸಂಕ್ರಾಂತಿ ರಜೆ ಮುಗಿದು ಶಾಲೆ ತೆರೆದಿತ್ತು. ನನ್ನ ಕಾಕಾನ ಮಗ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಮಾಸ್ತರ. ಮಕ್ಕಳಿಗೆ ತೋರಿಸೋಣ ಅಂತ ಹೋದೆ. ಅಕ್ಕೋರೊಬ್ಬರು ನನ್ನ ಮಗನನ್ನು ಎರಡನೇ ಕ್ಲಾಸಿನಲ್ಲಿ ಕೂರಿಸಿಕೊಂಡು ಕಾಗುಣಿತ ಹೇಳಿಸಲು ಶುರುಮಾಡಿದರು, ಅವನ ಪಾಡು ನೋಡಿ ಹುಡುಗರಿಗೆಲ್ಲ ನಗು. ನಾನು ಐದನೇ ಕ್ಲಾಸಿನ ಹಾಜರಿ ಪುಸ್ತಕ ತೆರೆದು ಕೂತೆ. ಇಪ್ಪತ್ತಾರು ಹೆಸರು. ಅದರಲ್ಲಿ ಏಳು ಹೆಸರಿನ ಮುಂದೆ ಪೆನ್ನಿನಲ್ಲಿ ಏನೂ ಇಲ್ಲ. ಪೆನ್ಸಿಲಿನಲ್ಲಿ ಸಣ್ಣ ಚುಕ್ಕೆ, ನವೆಂಬರ್‌ನಿಂದ ಸಾಲಾಗಿ.

"ಇದೇನೋ?"

"ಗುಳೆ ಹೋಗ್ಯಾರ ಅಣ್ಣಾ. ನಾಲ್ಕು ಮನಿ ಗೋವಾಕ್ಕ, ಉಳಿದವ್ರು ಕಬ್ಬು ಕಡಿಯಾಕ."

"ಪೆನ್ಸಿಲ್ ಯಾಕ?"

ಅವನು ಸುಮ್ನೆ ನಕ್ಕ. ಪೆನ್ಸಿಲ್ ಆದರೆ ಅಳಿಸಬಹುದು. ಹೆಸರು ತೆಗೆದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದರೆ ಒಬ್ಬ ಮಾಸ್ತರ ಹೆಚ್ಚುವರಿ ಅಂತ ಬೇರೆ ಊರಿಗೆ ಹೋಗಬೇಕು. ಆಮೇಲೆ ಉಳಿದ ಮಕ್ಕಳಿಗೆ ಎರಡು ಕ್ಲಾಸು ಕೂಡಿಸಿ ಪಾಠ. ಯುಗಾದಿಗೆ ಆ ಹುಡುಗರು ತಿರುಗಿ ಬಂದಾಗ ಹೆಸರಾದರೂ ಇರಲಿ ಅನ್ನುವುದೂ ಇದೆ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನಮ್ಮಲ್ಲಿ ಕಾಯ್ದೆ ಇಲ್ಲ ಅಂತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ 'ಕಡ್ಡಾಯ' ಅನ್ನುವ ಪದಕ್ಕೆ ಕೊಟ್ಟ ಅರ್ಥ ನೋಡಿ. 8ನೇ ಸೆಕ್ಷನ್ ಹೇಳುವುದು, 6ರಿಂದ 14 ವರ್ಷದ ಪ್ರತಿ ಮಗುವೂ ಶಾಲೆಗೆ ಸೇರುವಂತೆ, ದಿನಾ ಬರುವಂತೆ, ಎಂಟನೇ ಕ್ಲಾಸು ಮುಗಿಸುವಂತೆ ನೋಡಿಕೊಳ್ಳುವುದು ಸರ್ಕಾರದ ಮೇಲಿನ ಕಡ್ಡಾಯ. ಮಗುವಿನ ಮೇಲಲ್ಲ, ಅಪ್ಪನ ಮೇಲೂ ಅಲ್ಲ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅಂತ 10ನೇ ಸೆಕ್ಷನ್ ಹೇಳುತ್ತದೆ, ಮಾಡದಿದ್ದರೆ ಶಿಕ್ಷೆ ಏನೂ ಇಲ್ಲ. ಸಂವಿಧಾನದ 51ಎ ವಿಧಿಯಲ್ಲಿ ಬರೆದ ಕರ್ತವ್ಯವೂ ಹಾಗೆಯೇ. ಇನ್ನು ಗುಳೆ ಹೋಗುವ ಮನೆಗಳ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕೆಲಸ ಅಂತ 9ನೇ ಸೆಕ್ಷನ್‌ನಲ್ಲೇ ಬೇರೆಯಾಗಿ ಬರೆದಿದೆ. ಟಿಸಿ ತಡವಾಯಿತು ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ ಅಂತ 5ನೇ ಸೆಕ್ಷನ್. ಎಲ್ಲ ಯೋಚನೆ ಮಾಡಿಯೇ ಬರೆದಿದ್ದಾರೆ.

ನಿಜ ಹೇಳಬೇಕೆಂದರೆ ಬರವಣಿಗೆಯಲ್ಲಿ ನಮ್ಮ ಕಾಯ್ದೆಯೇ ಮೇಲು. ಗುಳೆ ಹೋದ ಅಪ್ಪನಿಗೆ 80 ಪೌಂಡ್ ದಂಡ ಹಾಕಿದರೆ ಏನಾಗುತ್ತದೆ? ಅವನು ಗೋವಾಕ್ಕೆ ಹೋಗಿದ್ದು ಡಿಸ್ನಿ ನೋಡಲು ಅಲ್ಲ. ಮಳೆ ಕೈಕೊಟ್ಟಿತು, ಕೂಲಿಯವರನ್ನು ಕರೆದೊಯ್ಯುವ ಮುಕ್ಕಾದಮ್ ಕೊಟ್ಟ ಮುಂಗಡ ತೀರಿಸಬೇಕು. ಅವನ ಮೇಲೆ ಇನ್ನೊಂದು ಸಾಲ ಹೇರಿದಂತೆ ಅಷ್ಟೇ. ಇಂಗ್ಲೆಂಡಿನಲ್ಲೂ ದಂಡದಿಂದ ನಿಜವಾಗಿ ಕಷ್ಟಪಡುವುದು ಕೈಯಲ್ಲಿ ಕಾಸಿಲ್ಲದವರೇ. ರಜೆ ಕಾಲದಲ್ಲಿ ವಿಮಾನದ ಟಿಕೆಟ್ ಎಷ್ಟು ಏರುತ್ತದೆ ಅಂದರೆ, ಕೆಲವರು ದಂಡ ಕಟ್ಟುವುದೇ ಅಗ್ಗ ಅಂತ ನಗುತ್ತಾ ಹೇಳುತ್ತಾರೆ.

ಹಾಗಾದರೆ ಇಂಗ್ಲೆಂಡಿನಿಂದ ನಮ್ಮ ಕಡೆಗೆ ಏನಾದರೂ ತರಬೇಕಾ ಅಂದರೆ, ನನಗೆ ಬೇಕಾದದ್ದು ಒಂದೇ. ಬೆಳಿಗ್ಗೆ ಒಂಬತ್ತೂವರೆಯ ಫೋನ್. ಮಗನಿಗೆ ಜ್ವರ ಬಂದ ಒಂದು ದಿನ ಶಾಲೆಗೆ ತಿಳಿಸಲು ಮರೆತಿದ್ದೆ. ಒಂಬತ್ತೂವರೆಗೆ ಫೋನ್ ಬಂತು, ನಿಮ್ಮ ಹುಡುಗ ಎಲ್ಲಿ ಅಂತ. ನಾನು ಎತ್ತದಿದ್ದರೆ ಹೆಂಡತಿಗೆ ಮಾಡುತ್ತಿದ್ದರು. ಮಗು ಕಾಣುತ್ತಿಲ್ಲ ಅನ್ನುವುದು ಅದೇ ದಿನ ಗೊತ್ತಾಗಬೇಕು, ಗೊತ್ತಾದವರು ಕೇಳಬೇಕು, ಕೇಳಿದ್ದಕ್ಕೆ ದಾಖಲೆ ಇರಬೇಕು. ಇದು ಇಲ್ಲಿ ಶಾಲೆಯ ಕೆಲಸ. ಹುಡುಗನ ಪೆನ್ಸಿಲ್ ಚುಕ್ಕೆ ಮೂರು ತಿಂಗಳು ಸಾಲಾಗಿ ಓಡುವುದು ಇಲ್ಲಿ ಆಗದ ಮಾತು. ನಮ್ಮ ಕಾಯ್ದೆ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ 200 ದಿನ ಪಾಠ ಅನ್ನುತ್ತದೆ, ಇಂಗ್ಲೆಂಡಿನಲ್ಲಿ 190. ಆ ಹುಡುಗರು ಅದರಲ್ಲಿ ಎಷ್ಟು ದಿನ ಕೂತರು ಅನ್ನುವುದನ್ನು ಪೆನ್ನಿನಲ್ಲಿ ಬರೆದರೆ ಮಾಸ್ತರ ಕೆಲಸಕ್ಕೆ ಕುತ್ತು ಬರುವಂತಿದ್ದರೆ, ಯಾರು ಬರೆಯುತ್ತಾರೆ? ಗುಳೆ ಹೋದ ಮಗುವಿನ ಹೆಸರನ್ನು ಮೂಲ ಶಾಲೆಯ ಲೆಕ್ಕದಲ್ಲೇ ಇಟ್ಟು, ಹೋದ ಊರಿನ ಶಾಲೆಯಲ್ಲಿ ಹಾಜರಿ ಹಾಕಲು ಬಿಟ್ಟರೆ ಮಾಸ್ತರನೂ ಸುಳ್ಳು ಬರೆಯಬೇಕಿಲ್ಲ. ಗೋವಾದಲ್ಲಿ ಕನ್ನಡ ಶಾಲೆಗಳೂ ಇವೆ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಗಳ ಹತ್ತಿರ ಕಬ್ಬು ಕಡಿಯುವವರ ಮಕ್ಕಳಿಗೆಂದೇ ಸಾಖರ್ ಶಾಲೆ ನಡೆಸಿದ್ದಾರೆ, ನಮ್ಮಲ್ಲೂ ಟೆಂಟ್ ಶಾಲೆ ಅಂತ ಮಾಡಿದ್ದಾರೆ. ಆದರೆ ಈ ಹುಡುಗ ಅಲ್ಲಿಗೆ ಮುಟ್ಟಿದನಾ ಅಂತ ಕೇಳುವವರಿಲ್ಲ.

ಈ ಫೋನಿನ ಕಥೆಯನ್ನು ಆ ಬುಧವಾರ ಶಾಲೆಯಲ್ಲೇ ಮಾಸ್ತರ ತಮ್ಮನಿಗೆ ಹೇಳಿದೆ. "ನಮ್ಮ ಮಂದಿ ಫೋನ್ ಸ್ವಿಚ್ ಆಫ್ ಇರ್ತಾವ" ಅಂದ. ಒಂದು ಮಾಡಿ ನೋಡು ಅಂದೆ. ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಳೆ ಹೋದ ಹುಡುಗನೊಬ್ಬನ ಮನೆಯವರ ನಂಬರ್ ಇತ್ತು. ಎರಡನೇ ರಿಂಗಿಗೇ ಎತ್ತಿದರು. ಹಿಂದೆ ಕಾಂಕ್ರೀಟ್ ಮಶಿನ್ ಸದ್ದು.

"ಯಾಕ್ರಿ ಸರ್, ಏನಾತು?" ಆ ಕಡೆಯವನಿಗೆ ಗಾಬರಿ. ಶಾಲೆಯಿಂದ ಯಾವತ್ತೂ ಫೋನ್ ಬಂದಿರಲಿಲ್ಲವಂತೆ.

"ಏನಿಲ್ಲಪಾ. ಹುಡುಗ ಸಾಲಿಗೆ ಹೊಂಟಾನೇನು ಅಲ್ಲಿ?"

"ಎಲ್ಲಿ ಸಾಲಿ ರೀ. ತಂಗೀನ ನೋಡ್ಕೋತ ಇರ್ತಾನ. ಕೊಡ್ಲೇನು ಫೋನ್?"

ಹುಡುಗ ಬಂದ. ಒಂದು ಕ್ಷಣ ಮಾತಿಲ್ಲ. ಆಮೇಲೆ, "ಸರ್, ನನ್ನ ಹೆಸರು ಐತ್ರಿ ಇನ್ನಾ?" ಅಂತ ಕೇಳಿದ.

ತಮ್ಮ ಹಾಜರಿ ಪುಸ್ತಕ ನೋಡಿ, "ಐತಿ ಐತಿ" ಅಂದ.