ಇಬ್ಬರೇನಾ? ಜೊತೆಗೆ ಯಾರೂ ಬಂದಿಲ್ವಾ?

ಈ ಪ್ರಶ್ನೆಯನ್ನು ಇನ್ನೊಂದು ಸಲ ಯಾರಾದರೂ ಕೇಳಿದರೆ ನಾನು ಅಲ್ಲೇ ನಿಂತು ಜಗಳ ಮಾಡುತ್ತೇನೆ. ಇಷ್ಟು ದಿನ ನಕ್ಕು ಸುಮ್ಮನಾಗಿದ್ದು ಸಾಕು.

ಕಾರವಾರದಲ್ಲಿ ಮೀನೂಟಕ್ಕೆ ಹೋದರೆ ಕೇಳುತ್ತಾರೆ. ನೀರಿನ ಲೋಟ ಇಟ್ಟು, ಎದುರಿನ ಎರಡು ಖಾಲಿ ಕುರ್ಚಿ ನೋಡಿ, "ಅವರು ಬಂದ ಮೇಲೆ ಆರ್ಡರ್ ತಗೊಳ್ಳಲಾ?" ಅನ್ನುತ್ತಾರೆ. ಯಾರು ಆ ಅವರು? ದೇವಬಾಗದ ಕಡೆ ದೋಣಿಯಲ್ಲಿ ಹೋಗೋಣ ಅಂದರೆ ದೋಣಿಯವರು ನಮ್ಮ ಮುಖ ಬಿಟ್ಟು ನಮ್ಮ ಹಿಂದಿನ ದಾರಿ ನೋಡುತ್ತಾರೆ. ಮುರ್ಡೇಶ್ವರದಲ್ಲಿ ಕೇಳಿದರು. ಯಾಣದಲ್ಲಿ ಬಂಡೆ ನೋಡಿ ಇಳಿದು ಬಂದರೆ, ಮಜ್ಜಿಗೆ ಮಾರುವ ಅಜ್ಜನೂ ಅದನ್ನೇ ಕೇಳಿದ. ನಾವು ಎದುರಿಗೇ ನಿಂತಿದ್ದೇವೆ. ದುಡಿದು ತಿನ್ನುವ ಇಬ್ಬರು ಹೆಂಗಸರು, ನಮ್ಮದೇ ಸ್ಕೂಟರ್, ನಮ್ಮದೇ ದುಡ್ಡು. ಆದರೂ ಇವರ ಲೆಕ್ಕದಲ್ಲಿ ಯಾರೂ ಬಂದಿಲ್ಲ.

ನಾನು ಕಾರವಾರದವಳು. ಅವಳು ಘಟ್ಟದ ಮೇಲಿನವಳು, ಶಿರಸಿ ಕಡೆ. ಅಕ್ಕತಂಗಿ ಅಲ್ಲ, ರೂಮ್‌ಮೇಟ್ ಅಲ್ಲ. ಒಬ್ಬರನ್ನೊಬ್ಬರು ಮೆಚ್ಚಿ ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿರುವವರು. ಇದನ್ನು ಊರಿಗೆಲ್ಲ ಸಾರಿಕೊಂಡು ತಿರುಗುವುದಿಲ್ಲ. ಅವಳು ಶಾಲೆಯಲ್ಲಿ ಅಕ್ಕೋರು, ಅಂದರೆ ಟೀಚರ್, ಇಷ್ಟು ಹೇಳಿದರೆ ಯಾಕೆ ಅಂತ ಅರ್ಥ ಆಗಬೇಕು.

ಈಗ ಹೊಟ್ಟೆ ಉರಿದ ಸಂಗತಿಗೆ ಬರುತ್ತೇನೆ.

ಅವಳ ಹುಟ್ಟಿದ ದಿನ ಅಂತ ಹೊನ್ನಾವರದ ಆಚೆ ಒಂದು ಹೋಮ್‌ಸ್ಟೇಗೆ ಫೋನ್ ಮಾಡಿ ರೂಮ್ ಹೇಳಿದ್ದೆ. ಅಡ್ವಾನ್ಸ್ ಕೂಡ ಹಾಕಿದ್ದೆ. ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಾದಿ ಮಾಡಿದ್ದಾರಲ್ಲ, ಅಲ್ಲಿ ನಡೆಯಬೇಕು, ಸಂಜೆ ಶರಾವತಿಯಲ್ಲಿ ದೋಣಿ ಹತ್ತಬೇಕು ಅಂತ ಅವಳಿಗೆ ಬಹಳ ದಿನದಿಂದ ಆಸೆ. ಅದೆಲ್ಲ ಮುಗಿಸಿ ಕತ್ತಲಾಗುವ ಹೊತ್ತಿಗೆ ರೂಮಿಗೆ ಹೋದೆವು. ಮಳೆ ಶುರುವಾಗಿತ್ತು. ಮಾಲೀಕ ಆಧಾರ್ ಕಾರ್ಡ್ ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದ.

"ಅಕ್ಕೋರೆ, ಇಬ್ಬರದೂ ನಮ್ಮ ಜಿಲ್ಲೆ ಅಡ್ರೆಸ್ಸೇ ಅಲ್ವಾ?"

"ಹೌದು."

"ಲೋಕಲ್ ಜನಕ್ಕೆ ರೂಮ್ ಕೊಡೋದಿಲ್ಲ ನಾವು. ಮನೆಯವರು ಯಾರೂ ಬಂದಿಲ್ವಾ ಜೊತೆಗೆ?"

ಮನೆಯವರು! ನನ್ನ ಮನೆಯವಳು ನನ್ನ ಪಕ್ಕದಲ್ಲೇ ಒದ್ದೆ ಬ್ಯಾಗ್ ಹಿಡಿದು ನಿಂತಿದ್ದಳು. ಅದನ್ನು ಅಲ್ಲಿ ಬಾಯಿ ಬಿಟ್ಟು ಹೇಳುವಂತಿಲ್ಲ. ಹೇಳಿದ್ದರೆ ರೂಮ್ ಅಂತೂ ಇಲ್ಲ, ಸೋಮವಾರದ ಹೊತ್ತಿಗೆ ಅವಳ ಶಾಲೆಯ ಗೇಟಿನವರೆಗೂ ಸುದ್ದಿ ಮುಟ್ಟುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಯಾರಿಗೆ ಯಾರು ನೆಂಟರು ಅಂತ ಗೊತ್ತಿರುವುದಿಲ್ಲ. ಹೊನ್ನಾವರದಲ್ಲಿ ಕೆಮ್ಮಿದರೆ ಶಿರಸಿಯಲ್ಲಿ ಕೇಳುತ್ತದೆ.

ಅದೇ ಹೊತ್ತಿಗೆ ಬೆಂಗಳೂರು ನಂಬರಿನ ಕಾರಿನಲ್ಲಿ ಒಂದಷ್ಟು ಹುಡುಗರು ಬಂದು ಇಳಿದರು. ಕೈಯಲ್ಲಿ ಬಿಯರ್ ಕೇಸು. ಅವರಲ್ಲಿ ಒಬ್ಬನ ಕಾರ್ಡ್ ಮಾತ್ರ ನೋಡಿ ಬೀಗದ ಕೈ ಕೊಟ್ಟ. "ಮನೆಯವರು ಯಾರೂ ಬಂದಿಲ್ವಾ" ಅಂತ ಅವರನ್ನು ಕೇಳಲಿಲ್ಲ.

ಇದು ಯಾವ ಕಾನೂನು ಅಂತ ಕೇಳಿದೆ. "ಕಾನೂನು ಅಲ್ಲ ಬಾಯಿ, ನಿಮ್ಮ ಸೇಫ್ಟಿಗೇ ಹೇಳೋದು" ಅಂದ. ಸ್ವಂತ ಜಿಲ್ಲೆಯವರಿಗೆ ರೂಮ್ ಕೊಡಬಾರದು ಅಂತ ಯಾವ ಕಾನೂನೂ ಇಲ್ಲ. ಹದಿನೆಂಟು ದಾಟಿದ ಇಬ್ಬರು ಒಂದು ರೂಮಿನಲ್ಲಿ ಉಳಿಯಬಾರದು ಅಂತಲೂ ಇಲ್ಲ. ಗುರುತಿನ ಚೀಟಿ ಕೇಳುವುದು ರಿಜಿಸ್ಟರಿನಲ್ಲಿ ಬರೆದುಕೊಳ್ಳಲಿಕ್ಕೆ. ಬಂದವರ ನಡತೆ ಅಳೆಯಲಿಕ್ಕೆ ಅಲ್ಲ.

ಸೇಫ್ಟಿ ಅಂದರೆ ಏನು ಗೊತ್ತಾ? ನಮ್ಮ ಸುರಕ್ಷೆಯ ಚಿಂತೆ ಹತ್ತಿದ ಆ ಮನುಷ್ಯ ಇಬ್ಬರು ಹೆಂಗಸರನ್ನು ರಾತ್ರಿ ಮಳೆಯಲ್ಲಿ ಹೆದ್ದಾರಿಗೆ ಕಳಿಸಿದ. ಹೊನ್ನಾವರದಿಂದ ಕಾರವಾರಕ್ಕೆ ಸುಮಾರು 90 ಕಿಲೋಮೀಟರ್. ಎದುರಿಗೆ ಲಾರಿಗಳ ಹೈ ಬೀಮ್, ಪಕ್ಕದಲ್ಲಿ ಹೊಂಡ. ಕುಮಟಾದಲ್ಲಿ ನಿಂತು ಇನ್ನೆರಡು ಕಡೆ ಕೇಳಿದೆವು, ಅಲ್ಲೂ ಅದೇ ರಾಗ. ಶಿರೂರು ದಾಟುವಾಗ ಅವಳು ನನ್ನ ರೇನ್‌ಕೋಟ್ ಗಟ್ಟಿಯಾಗಿ ಹಿಡಿದುಕೊಂಡಳು. 2024ರ ಜುಲೈನಲ್ಲಿ ಗುಡ್ಡ ಕುಸಿದು ಚಹಾ ಅಂಗಡಿ, ಲಾರಿ, ಜನ ಎಲ್ಲ ಹೋದ ಜಾಗ ಅದು. ಮಳೆಗಾಲದ ರಾತ್ರಿ ಅಲ್ಲಿ ಗಾಡಿ ಓಡಿಸಬೇಕಾದರೆ ನಮ್ಮ ಕಡೆಯವರಿಗೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಅಂತ ಆ ಮಾಲೀಕನಿಗೂ ಗೊತ್ತು. ಅವನೂ ಇದೇ ಜಿಲ್ಲೆಯವನು. ಅಡ್ವಾನ್ಸ್ ಇನ್ನೂ ವಾಪಸ್ ಬಂದಿಲ್ಲ.

ಇದನ್ನು ಹೇಳಿಕೊಂಡಾಗ ಬೆಂಗಳೂರಿನಲ್ಲಿರುವ ಗೆಳೆಯನೊಬ್ಬ, ಅವನೂ ನಮ್ಮಂಥವನೇ, ಸಮಾಧಾನಕ್ಕೆ ಒಂದು ಮಾತು ಹೇಳಿದ. "ನಿಮ್ದೇ ಚೆನ್ನಾಗಿದೆ ಕಣೇ. ಇಬ್ಬರು ಹುಡುಗೀರು ಕೈ ಹಿಡ್ಕೊಂಡು ಓಡಾಡಿದ್ರೂ ಯಾರಿಗೂ ಅನುಮಾನ ಬರಲ್ಲ." ಈ ಮಾತು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಅನುಮಾನ ಬರಲ್ಲ, ಯಾಕೆ? ನಾವು ಜೋಡಿ ಇರಬಹುದು ಅನ್ನುವುದು ಅವರ ತಲೆಗೇ ಹೊಳೆಯುವುದಿಲ್ಲ. ಕಾಣದೇ ಇರುವುದು ಕ್ಷೇಮ ಅಂತ ನೀವು ತಿಳಿದಿದ್ದೀರಿ. ಕಾಣದವರ ಪಕ್ಕಕ್ಕೆ ಯಾರು ಬೇಕಾದರೂ ಬಂದು ಕೂರುತ್ತಾರೆ.

ನಿಜವಾಗಿ ಬಂದು ಕೂರುತ್ತಾರೆ. ಟಾಗೋರ್ ಬೀಚಿನಲ್ಲಿ ಸಂಜೆ ಶೇಂಗಾ ತಿನ್ನುತ್ತಾ ಕೂತಿದ್ದರೆ ಪಕ್ಕದಲ್ಲೇ ಗಾಡಿ ನಿಲ್ಲಿಸಿ, "ಇಬ್ಬರೇ ಇದ್ದೀರಲ್ಲ, ಬೋರ್ ಆಗಲ್ವಾ? ಕಂಪನಿ ಕೊಡ್ಲಾ?" ಅನ್ನುತ್ತಾರೆ. ಅವಳ ಜೊತೆ ಒಬ್ಬ ಗಂಡಸು ಕೂತಿದ್ದರೆ, ಅವನು ಎಷ್ಟೇ ಬಡಕಲ ಇರಲಿ, ಇವರು ಹತ್ತಿರ ಸುಳಿಯುತ್ತಿರಲಿಲ್ಲ. ನಾನು ಕೂತಿದ್ದರೆ ಆ ಜಾಗ ಖಾಲಿ ಇದ್ದ ಹಾಗೆ.

ನನಗೆ ಇದೆಲ್ಲ ಇಷ್ಟು ಚುಚ್ಚುವುದಕ್ಕೆ ಇನ್ನೊಂದು ಕಾರಣ ನಾನು ಕೇಳಿ ಬೆಳೆದ ಹಾಡುಗಳು. ಮಾವ ಹಡಗಿನ ಕೆಲಸದಲ್ಲಿದ್ದ. ರಜೆಗೆ ಬರುವಾಗ ಕಂಟ್ರಿ ಮ್ಯೂಸಿಕ್, ಅಂದರೆ ಅಮೆರಿಕದ ಹಳ್ಳಿಗಾಡಿನ ಹಾಡುಗಳ ಕ್ಯಾಸೆಟ್ ತರುತ್ತಿದ್ದ. ಆ ಇಂಗ್ಲಿಷ್ ಅರ್ಧಂಬರ್ಧ ಅರ್ಥ ಆಗುತ್ತಿದ್ದ ವಯಸ್ಸಿನಲ್ಲೇ ಅದು ನನ್ನನ್ನು ಹಿಡಿದುಬಿಟ್ಟಿತು. ಲಾರಿ, ರೈಲು, ಮಳೆ, ಸಾಲ, ಬಿಟ್ಟು ಬಂದ ಊರು, ಊರಿನವರ ಬಾಯಿ, ಅಮ್ಮನ ಅಡುಗೆಮನೆ. ಎಲ್ಲ ನಮ್ಮದೇ. ಅವಳು ಯಕ್ಷಗಾನದ ಮನೆಯಿಂದ ಬಂದವಳು, ಅವಳಿಗೆ ಭಾಗವತರ ಪದ ಬೇಕು, ನನಗೆ ಕಂಟ್ರಿಯ ತಂತಿವಾದ್ಯ ಬ್ಯಾಂಜೋ ಬೇಕು. ಭಾನುವಾರ ಬೆಳಿಗ್ಗೆ ಬನ್ಸ್ ಕರಿಯುವಾಗ ಯಾರ ಹಾಡು ಹಾಕಬೇಕು ಅಂತ ನಮ್ಮಲ್ಲಿ ದಿನಾ ನಡೆಯುವ ಜಗಳದಲ್ಲಿ ಇದೇ ದೊಡ್ಡದು. ಅಷ್ಟು ಸುಖವಾಗಿದ್ದೇವೆ ನಾವು.

ಗೋಕರ್ಣದಲ್ಲಿ ಕುಡ್ಲೆ ಬೀಚಿನ ಒಂದು ಶ್ಯಾಕಿನಲ್ಲಿ ಗಿಟಾರ್ ಇಟ್ಟಿದ್ದರು. ಯಾರು ಬೇಕಾದರೂ ನುಡಿಸಬಹುದು ಅಂದರು. ನಾನು ತಗೊಂಡು, ಹೆಬ್ಬೆರಳಿನಿಂದ ದಪ್ಪ ತಂತಿಗಳಲ್ಲಿ ರಾಗ, ಉಳಿದ ಬೆರಳಿನಿಂದ ತಾಳ, ಹೀಗೆ ಶುರು ಮಾಡಿದ್ದೆ. ಅರ್ಧ ಹಾಡು ಮುಗಿದಿಲ್ಲ, ಪಕ್ಕದ ಟೇಬಲಿನವನು ಎದ್ದು ಬಂದ. "ಕಂಟ್ರಿನಾ? ಅದು ಕೌಬಾಯ್‌ಗಳ ಮ್ಯೂಸಿಕ್, ಹೆಣ್ಣಿನ ದನಿಗೆ ಸೂಟ್ ಆಗಲ್ಲ. ಕೊಡಿ, ತೋರಿಸ್ತೀನಿ" ಅಂತ ಗಿಟಾರಿಗೆ ಕೈ ಹಾಕಿದ. ಆಮೇಲೆ ಅವಳ ಕಡೆ ತಿರುಗಿ ಕೇಳಿದ್ದು ಅದೇ: "ಇಬ್ಬರೇನಾ ಬಂದಿರೋದು?"

ಸ್ವಾಮಿ, ನಾನು ನುಡಿಸುತ್ತಿದ್ದ ಆ ರೀತಿಯನ್ನು ಜನರ ಕಿವಿಗೆ ಮುಟ್ಟಿಸಿದ್ದೇ ಒಬ್ಬ ಹೆಂಗಸು. ಮೇಬೆಲ್ ಕಾರ್ಟರ್. 1927ರಲ್ಲಿ ಅಮೆರಿಕದ ಬ್ರಿಸ್ಟಲ್ ಅನ್ನುವ ಊರಿನಲ್ಲಿ ಆಕೆಯ ತಂಡ ಕಾರ್ಟರ್ ಫ್ಯಾಮಿಲಿ ಮೊದಲ ಸಲ ಹಾಡು ರೆಕಾರ್ಡ್ ಮಾಡಿದಾಗ ಆಕೆ ತುಂಬು ಗರ್ಭಿಣಿ. ಆಮೇಲೆ ಬಂದ ಎಷ್ಟೋ ಗಂಡಸರು ಗಿಟಾರ್ ಕಲಿತಿದ್ದು ಆಕೆ ನುಡಿಸಿದ್ದು ಕೇಳಿ. ಕೌಬಾಯ್ ಟೋಪಿ ಹಾಕಿದವರದೇ ಈ ಸಂಗೀತ ಅನ್ನುವವನಿಗೆ ಬ್ಯಾಂಜೋ ಎಲ್ಲಿಂದ ಬಂತು ಅಂತ ಕೇಳಬೇಕು. ಅದರ ಮೂಲ ಆಫ್ರಿಕಾ. ಗುಲಾಮರಾಗಿ ಎಳೆದು ತಂದ ಜನರ ವಾದ್ಯ ಅದು.

ಅಮೆರಿಕದ ರೇಡಿಯೋದವರು ನಮ್ಮ ಹೋಮ್‌ಸ್ಟೇ ಮಾಲೀಕರಿಗಿಂತ ಬೇರೆ ಏನಲ್ಲ. 2015ರಲ್ಲಿ ಒಬ್ಬ ರೇಡಿಯೋ ಸಲಹೆಗಾರ, ಕಂಟ್ರಿ ಸ್ಟೇಷನ್‌ಗೆ ಕೇಳುಗರು ಜಾಸ್ತಿ ಬೇಕಾದರೆ ಹೆಂಗಸರ ಹಾಡು ಕಡಿಮೆ ಮಾಡಿ ಅಂದ. ಗಂಡಸರು ಸಲಾಡಿನ ಸೊಪ್ಪಂತೆ, ಹೆಂಗಸರು ನಡುವೆ ಅಲ್ಲಲ್ಲಿ ಹಾಕುವ ಟೊಮೆಟೊ ಅಂತೆ. ಇಬ್ಬರು ಹೆಂಗಸರ ಹಾಡನ್ನು ಒಂದರ ಹಿಂದೆ ಒಂದು ಹಾಕಬಾರದು ಅನ್ನುವುದು ಅಲ್ಲಿ ಬಹಳ ಕಾಲದಿಂದ ನಡೆದುಬಂದ ಪದ್ಧತಿ. 2020ರಲ್ಲಿ ಮಿಶಿಗನ್‌ನ ಒಂದು ಸ್ಟೇಷನ್ ಅದನ್ನು ಟ್ವಿಟರಿನಲ್ಲಿ ರಾಜಾರೋಷವಾಗಿ ಹೇಳಿ ಬೈಸಿಕೊಂಡಿತು. ಓದಿದಾಗ ನನಗೆ ಹೊನ್ನಾವರವೇ ಕಣ್ಣಿಗೆ ಬಂತು. ಒಬ್ಬಳು ಬಂದಳು, ಅವಳ ಹಿಂದೆ ಇನ್ನೊಬ್ಬಳು ಬಂದಳು, ನಡುವೆ ಒಬ್ಬ ಗಂಡಸು ಎಲ್ಲಿ? ಅಲ್ಲೂ ಇದೇ, ಇಲ್ಲೂ ಇದೇ.

ಅಂಥ ಕಡೆಯೂ ಹೆಂಗಸರು ಎದ್ದು ನಿಂತಿದ್ದಾರೆ. ಹಾಡುಗಾರ್ತಿ ಕೆ.ಡಿ. ಲ್ಯಾಂಗ್ 1992ರಲ್ಲೇ ತಾನು ಲೆಸ್ಬಿಯನ್ ಅಂತ ಹೇಳಿದರು. ಚೆಲಿ ರೈಟ್ 1999ರಲ್ಲಿ ನಂಬರ್ ಒನ್ ಹಾಡು ಕೊಟ್ಟವರು, 2010ರಲ್ಲಿ ಎಲ್ಲರೆದುರು ಹೇಳಿದರು. ಇನ್ನೊಬ್ಬ ಹಾಡುಗಾರ್ತಿ ಬ್ರಾಂಡಿ ಕಾರ್ಲೈಲ್ ತಮ್ಮ ಹೆಂಡತಿ, ಮಕ್ಕಳ ಬಗ್ಗೆ ವೇದಿಕೆ ಮೇಲೆ ಮಾತಾಡುತ್ತಾರೆ. ಅವರೂ ಇನ್ನೂ ಮೂವರು ಹೆಂಗಸರೂ ಸೇರಿ 2019ರಲ್ಲಿ ತಂದ ಆಲ್ಬಮ್‌ನಲ್ಲಿ ಒಂದು ಹಾಡಿದೆ. ಬಾರಿನಲ್ಲಿ ತನ್ನ ಹುಡುಗಿಯ ಮೇಲೆ ಕಣ್ಣು ಹಾಕಿದ ಗಂಡಸಿಗೆ ಒಬ್ಬ ಹೆಂಗಸು ಎದುರಿಗೇ ಹೇಳುವ ಮಾತು ಅದು. ಅವಳು ನನ್ನನ್ನು ಬಿಟ್ಟರೂ ನಿನ್ನ ಹತ್ತಿರ ಅಂತೂ ಬರಲ್ಲ ಅನ್ನುವ ಅರ್ಥ. ಟಾಗೋರ್ ಬೀಚಿನಲ್ಲಿ ಸ್ಪೀಕರ್ ಹಚ್ಚಿ ಅದನ್ನು ಜೋರಾಗಿ ಹಾಕಬೇಕು ಅನಿಸುತ್ತದೆ.

ಎಲ್ಲರೂ ಹೀಗೇ ಅಂತ ಹೇಳಲಾರೆ. ಮೀನು ಮಾರ್ಕೆಟ್ಟಿನಲ್ಲಿ ನನಗೆ ಬಂಗಡೆ ಕೊಡುವ ಬಾಯಿ ಇದ್ದಾಳೆ. ಒಬ್ಬಳು ಮೀನು ತಿನ್ನುವವಳು, ಒಬ್ಬಳು ಅಲ್ಲ ಅಂತ ಅವಳಿಗೆ ಗೊತ್ತು. ನನಗೆ ಒಬ್ಬಳಿಗಾಗುವಷ್ಟು ಮೀನು ಹಾಕಿ, "ಆ ಸೊಪ್ಪಿನವಳ ಹತ್ರ ಹರಿವೆ ಚಲೋ ಬಂದದೆ, ಅವಳಿಗೆ ತಗೊಂಡೋಗು" ಅನ್ನುತ್ತಾಳೆ. ಅಷ್ಟೇ. ಒಂದು ಪ್ರಶ್ನೆ ಇಲ್ಲ. ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ, ಇಬ್ಬರಿಗೂ ಹಸಿವಾಗುತ್ತದೆ ಅಂತ ಅವಳಿಗೆ ಅರ್ಥ ಆಗಿದೆ. ಓದಿದವರಿಗೆ ಯಾಕೆ ಆಗುವುದಿಲ್ಲ?

ಬ್ಯಾಂಕಿನಲ್ಲೂ ಆಗಲಿಲ್ಲ. ಜಂಟಿ ಖಾತೆ ಮಾಡಿಸೋಣ, ನಾಮಿನಿ ಒಬ್ಬರಿಗೊಬ್ಬರು ಇರೋಣ ಅಂತ ಹೋದರೆ, ಕೌಂಟರಿನವರು ಸಂಬಂಧದ ಕಾಲಂ ಮೇಲೆ ಪೆನ್ನು ಕುಟ್ಟುತ್ತಾ, "ಅಣ್ಣ ತಮ್ಮ ಯಾರೂ ಇಲ್ವಾ ನಿಮಗೆ?" ಅಂದರು. 2024ರ ಆಗಸ್ಟ್‌ನಲ್ಲೇ ಕೇಂದ್ರ ಹಣಕಾಸು ಸಚಿವಾಲಯ ಹೇಳಿಬಿಟ್ಟಿದೆ, ನಮ್ಮಂಥವರು ಜಂಟಿ ಖಾತೆ ತೆರೆಯಲಿಕ್ಕೆ, ಸಂಗಾತಿಯನ್ನು ನಾಮಿನಿ ಮಾಡಲಿಕ್ಕೆ ಅಡ್ಡಿ ಇಲ್ಲ ಅಂತ. ಮೊಬೈಲಿನಲ್ಲಿ ತೋರಿಸಿದೆ. "ನಾಳೆ ಬನ್ನಿ" ಅಂದರು. 2018ರಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪ್ರೀತಿ ಅಪರಾಧ ಅಲ್ಲ ಅಂತು. 2023ರಲ್ಲಿ ಮದುವೆಯ ಹಕ್ಕು ಮಾತ್ರ ಕೊಡಲಿಕ್ಕಾಗಲ್ಲ, ಅದು ಸಂಸತ್ತಿನ ಕೆಲಸ ಅಂತು. ಮದುವೆ ಇಲ್ಲ ಅಂದ ಮೇಲೆ ನಮಗೆ ಉಳಿದಿರುವುದು ಇಂಥ ಸಣ್ಣ ಸಣ್ಣ ಕಾಗದಗಳೇ. ಅದಕ್ಕೂ ನಾಳೆ ಬನ್ನಿ. ಇದು ಸಣ್ಣ ಮಾತಲ್ಲ. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕಾದ ಜಿಲ್ಲೆ ನಮ್ಮದು. ಆಂಬುಲೆನ್ಸಿನಲ್ಲಿ ಅವಳ ಜೊತೆ ನಾನು ಹತ್ತಿದರೆ ಅಲ್ಲೂ "ಮನೆಯವರು ಯಾರೂ ಇಲ್ವಾ" ಅಂತ ಕೇಳಿದರೆ ನಾನು ಏನು ಮಾಡಲಿ? ರಾತ್ರಿ ಇದನ್ನೇ ಯೋಚಿಸುತ್ತಾ ನಿದ್ದೆ ಬರುವುದಿಲ್ಲ.

ಮುಂದಿನ ತಿಂಗಳು ಮತ್ತೆ ಹೊರಟಿದ್ದೇವೆ. ಈ ಸಲ ಬನವಾಸಿ ಕಡೆ. ಹೋದ ಮೇಲೆ ಬಾಗಿಲಲ್ಲಿ ನಿಂತು ಮರ್ಯಾದೆ ಕಳಕೊಳ್ಳುವುದು ಬೇಡ ಅಂತ ಫೋನಿನಲ್ಲೇ ಎಲ್ಲ ಹೇಳಿದೆ. "ಇಬ್ಬರು ಬರುತ್ತೇವೆ. ಇಬ್ಬರೂ ಹೆಂಗಸರು. ಇಬ್ಬರ ಆಧಾರೂ ಉತ್ತರ ಕನ್ನಡದ್ದು. ಬೇರೆ ಯಾರೂ ಬರುವುದಿಲ್ಲ, ಹಿಂದೆಯೂ ಬರುವುದಿಲ್ಲ, ಆಮೇಲೂ ಬರುವುದಿಲ್ಲ. ಒಂದು ರೂಮ್ ಸಾಕು. ಆಗುತ್ತದಾ ಇಲ್ವಾ ಈಗಲೇ ಹೇಳಿ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಕೇಳಿ ಹೇಳ್ತೇನೆ ಮೇಡಂ" ಅಂದ. ಇನ್ನೂ ಫೋನ್ ಬಂದಿಲ್ಲ. ಮನೆ ಅವನದು, ರೂಮ್ ಅವನದು, ದುಡ್ಡು ನಮ್ಮದು. ಯಾರನ್ನು ಕೇಳುತ್ತಿದ್ದಾನೆ ಇವನು?