ಸ್ಪಷ್ಟನೆ: ಐ8 ಕಾರಿನ ಎಂಜಿನ್ ಬರೀ ಜನರೇಟರ್ ಅಲ್ಲ

ಬಳ್ಳಾರಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಹರಿದಾಡುತ್ತಿದೆ: ‘ಬಿಎಂಡಬ್ಲ್ಯು ಐ8 ಪೂರ್ಣ ವಿದ್ಯುತ್ ಕೂಪೆ. ಅದರ ಪುಟ್ಟ ಎಂಜಿನ್ ಇರುವುದು ಬ್ಯಾಟರಿ ತುಂಬಿಸಲು ಮಾತ್ರ. ಚಾರ್ಜಿಂಗ್ ಬೇಕಿಲ್ಲ.’ ಇದು ತಪ್ಪು.

ಐ8 ಪ್ಲಗ್-ಇನ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಪ್ಲಗ್‌ನಿಂದ ತುಂಬಿಸಬಹುದಾದ ಬ್ಯಾಟರಿ ಮತ್ತು ಮೋಟಾರು ಇರುವ ಕಾರು. ಅದರ 1.5 ಲೀಟರ್, ಮೂರು ಸಿಲಿಂಡರ್ ಪೆಟ್ರೋಲ್ ಎಂಜಿನ್ ಹಿಂದಿನ ಚಕ್ರಗಳನ್ನು ನೇರವಾಗಿ ತಿರುಗಿಸುತ್ತದೆ. ವಿದ್ಯುತ್ ಮೋಟಾರಿನ ಪಾಲಿಗೆ ಮುಂದಿನ ಚಕ್ರಗಳು. ಬರೆದವರು ಅದೇ ಕಂಪನಿಯ ಐ3 ಎಂಬ ವಿದ್ಯುತ್ ಕಾರಿನೊಂದಿಗೆ ಗೊಂದಲ ಮಾಡಿಕೊಂಡಂತಿದೆ. ಐ3ರ ರೇಂಜ್ ಎಕ್ಸ್‌ಟೆಂಡರ್ (ಹೆಚ್ಚು ದೂರ ಓಡಲು ನೆರವಾಗುವ) ಮಾದರಿಯಲ್ಲಿದ್ದ 647 ಸಿಸಿ ಎಂಜಿನ್‌ಗೂ ಚಕ್ರಕ್ಕೂ ಸಂಬಂಧವೇ ಇರಲಿಲ್ಲ. ಜನರೇಟರ್ ತಿರುಗಿಸುವುದಷ್ಟೇ ಅದರ ಕೆಲಸ. (ಅದರ ಮೂಲ ಒಂದು ಸ್ಕೂಟರ್ ಎಂಜಿನ್ ಎಂದರೆ ಅನೇಕರು ನಂಬುವುದಿಲ್ಲ.)

ಹಾಗೆಂದು ಐ3ರ ಈ ಜನರೇಟರ್ ವ್ಯವಸ್ಥೆಯನ್ನು ತಳ್ಳಿಹಾಕುವಂತಿಲ್ಲ. ಬಳ್ಳಾರಿಯಿಂದ ಸಿರುಗುಪ್ಪ, ಸಿಂಧನೂರು ಹಾದು ರಾಯಚೂರಿಗೆ ಹೊರಟವರಿಗೆ, ಬ್ಯಾಟರಿ ಇಳಿದರೂ ಯಾವುದಾದರೂ ಪೆಟ್ರೋಲ್ ಬಂಕ್ ಸಾಕು ಎಂಬುದು ಸಣ್ಣ ಧೈರ್ಯವಲ್ಲ. ಆದರೆ ಐ3ರ ಈ ಎಂಜಿನ್‌ನ ಶಕ್ತಿ ಸುಮಾರು 34 ಅಶ್ವಶಕ್ತಿ ಮಾತ್ರ. ಬ್ಯಾಟರಿ ಬರಿದಾದ ಮೇಲೆ ಸಂಡೂರಿನಂಥ ಏರು ಎದುರಾದರೆ ವೇಗ ಕುಸಿಯುತ್ತದೆ. ಐ8ರಂಥ ಸ್ಪೋರ್ಟ್ಸ್ ಕಾರು ಕೊಳ್ಳುವವರು ಇದನ್ನು ಸಹಿಸುವರೇ?

‘ಚಾರ್ಜಿಂಗ್ ಬೇಕಿಲ್ಲ’ ಎಂಬ ಮಾತೂ ಪೊಳ್ಳು. ಪೆಟ್ರೋಲ್ ಸುಟ್ಟು ವಿದ್ಯುತ್ ಮಾಡುವಾಗ ಬಹುಪಾಲು ಶಕ್ತಿ ಶಾಖವಾಗಿ ಹೋಗುತ್ತದೆ. ಮನೆಯ ಪ್ಲಗ್‌ಗೆ ಸಿಕ್ಕಿಸುವುದೇ ಅಗ್ಗ.