ಕಾಂಕ್ರೀಟ್ ಹಾಕಿದರೆ ಬೇಲಿ ಕಂಬ ಕೊಳೆಯುವುದಿಲ್ಲ ಎನ್ನುವುದು ತಪ್ಪು

"ಮನೆ ಸುತ್ತ ಬೇಲಿ ಹಾಕುವಾಗ ಮರದ ಕಂಬದ ಬುಡವನ್ನು ಪೂರ್ತಿ ಕಾಂಕ್ರೀಟಿನಲ್ಲಿ ಮುಚ್ಚಿಬಿಡಿ, ಎಂದಿಗೂ ಕೊಳೆಯುವುದಿಲ್ಲ" ಎನ್ನುವ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. ಕಾಂಕ್ರೀಟ್ ಕಂಬವನ್ನು ಅಲುಗಾಡದಂತೆ ಹಿಡಿದಿಡುತ್ತದೆ, ಅಷ್ಟೇ.

ಮರವನ್ನು ಕೊಳೆಸುವುದು ಶಿಲೀಂಧ್ರ. ಅದಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ಎರಡೂ ಒಟ್ಟಿಗೆ ಸಿಗುವುದು ನೆಲಮಟ್ಟದ ಆಸುಪಾಸಿನಲ್ಲಿ. ಹಳೆಯ ಕಂಬ ಕಿತ್ತಾಗ ಗಮನಿಸಿ: ತೀರಾ ಕೆಳಗಿನ ತುದಿ ಎಷ್ಟೋ ಸಲ ಗಟ್ಟಿಯಾಗಿಯೇ ಇರುತ್ತದೆ, ಮಣ್ಣಿನ ಮೇಲ್ಮೈ ಹತ್ತಿರ ಮಾತ್ರ ಉಗುರು ಊರಿದರೆ ಪುಡಿ ಉದುರುತ್ತದೆ. ಮರ ಒಣಗಿದಾಗ ಕುಗ್ಗುತ್ತದೆ, ಸುತ್ತಲಿನ ಕಾಂಕ್ರೀಟ್ ಇದ್ದಲ್ಲೇ ಇರುತ್ತದೆ. ನಡುವೆ ಸಣ್ಣ ಸಂದು ಬಿಡುತ್ತದೆ. ಅಲ್ಲಿಗಿಳಿದ ಮಳೆನೀರು, ತಳಕ್ಕೂ ಕಾಂಕ್ರೀಟ್ ಇದ್ದರೆ, ಲೋಟದಲ್ಲಿ ನಿಂತ ಹಾಗೆ ನಿಂತುಬಿಡುತ್ತದೆ.

ಹಾಗಂತ ಕಾಂಕ್ರೀಟೇ ಬೇಡವೆಂದಲ್ಲ; ಗೇಟಿನ ಭಾರ ಹೊರುವ ಕಂಬಕ್ಕಂತೂ ಹಾಕುವುದೇ ಒಳ್ಳೆಯದು. ಗುಂಡಿಯ ತಳಕ್ಕೆ ಸುಮಾರು 15 ಸೆಂ.ಮೀ. ಜಲ್ಲಿ ತುಂಬಿ, ಕಂಬವನ್ನು ಅದರ ಮೇಲೆ ನಿಲ್ಲಿಸಿ. ಕಂಬದ ಅಡಿಗೆ ಕಾಂಕ್ರೀಟ್ ಹೋಗಬಾರದು. ಸುತ್ತ ಹಾಕಿದ ಕಾಂಕ್ರೀಟಿನ ಮೇಲ್ಭಾಗವನ್ನು ನೆಲಕ್ಕಿಂತ ತುಸು ಎತ್ತರಿಸಿ, ನೀರು ಕಂಬದಿಂದ ಆಚೆ ಹರಿಯುವಂತೆ ಇಳಿಜಾರು ಕೊಡಿ. ಎಲ್ಲಕ್ಕಿಂತ ಮುಖ್ಯವಾದದ್ದು ಮರದ ಆಯ್ಕೆ. ನೆಲದಲ್ಲಿ ಹೂಳಲೆಂದೇ, ಒತ್ತಡದಲ್ಲಿ ಸಂರಕ್ಷಕ ದ್ರಾವಣ ಹಾಯಿಸಿದ ಕಂಬಗಳಿವೆ, ಅವನ್ನೇ ಕೊಳ್ಳಿ. ಅಳತೆಗೆ ಕತ್ತರಿಸಿದರೆ ಕತ್ತರಿಸಿದ ತುದಿಗೆ ಮತ್ತೆ ಸಂರಕ್ಷಕ ಬಳಿಯಲೇಬೇಕು.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ಹಾಕಿ.